ಅದನ್ನೇ ಮತ್ತೆ ಮತ್ತೆ ಯಾಕೆ ಮಾಡ್ತೀಯ ಅಂದೆಯಲ್ಲ

ಗೆಳೆಯಾ,

ಮೊನ್ನೆ ಫೋನಿನಲ್ಲಿ ನನ್ನ ರೂಬಿಕ್ಸ್ ಕ್ಯೂಬ್ ಹುಚ್ಚಿನ ಬಗ್ಗೆ ನೀನು ಕೇಳಿದ್ದು ಇನ್ನೂ ತಲೆಯಿಂದ ಹೋಗಿಲ್ಲ. "ಒಂದ್ಸಲ ಬಣ್ಣ ಎಲ್ಲಾ ಕೂಡಿಸಿದ ಮೇಲೆ ಮುಗೀತಲ್ವೇನೋ, ಅದನ್ನೇ ಮತ್ತೆ ಮತ್ತೆ ಯಾಕೆ ಮಾಡ್ತೀಯ?" ಅಂದೆ. ಆಗ ನಾನು ಮೆಜೆಸ್ಟಿಕ್ ಸ್ಟೇಷನ್ನಿನಲ್ಲಿ ಗ್ರೀನ್ ಲೈನ್ ಇಳಿದು ಪರ್ಪಲ್ ಲೈನಿಗೆ ಓಡುತ್ತಿದ್ದೆ, ಜನ ಜಾಸ್ತಿ, ಏನೋ ಒಂದು ಹೇಳಿ ಫೋನ್ ಇಟ್ಟುಬಿಟ್ಟೆ. ಆದರೆ ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇದೆ. ಎರಡು ಮಾತಿನಲ್ಲಿ ಮುಗಿಯುವ ಉತ್ತರ ಅಲ್ಲ, ಅದಕ್ಕೇ ಭಾನುವಾರ ಬೆಳಗ್ಗೆ ಕಾಫಿ ಕುಡಿದು ಕೂತು ಬರೆಯುತ್ತಿದ್ದೇನೆ.

ನನ್ನ ಕೈಗೆ ಕ್ಯೂಬ್ ಕೊಟ್ಟವನೇ ನೀನು, ಮರೆತೆಯಾ? ಹಾಸ್ಟೆಲ್ ಟೆರೇಸಿನಲ್ಲಿ ಕರೆಂಟ್ ಹೋದ ರಾತ್ರಿ, ಮೊಬೈಲ್ ಟಾರ್ಚ್ ಬೆಳಕಿನಲ್ಲಿ ಒಂದು ಮುಖದ ಮೇಲೆ ಬಿಳಿ ಪ್ಲಸ್ ಗುರುತು ಕಟ್ಟುವುದು ಹೇಳಿಕೊಟ್ಟೆ. "ನಡುವಿನ ತುಂಡು ಎಲ್ಲೂ ಹೋಗಲ್ಲ, ಅದನ್ನ ನೋಡ್ಕೊಂಡು ಉಳಿದಿದ್ದನ್ನ ತಾ" ಅಂದಿದ್ದೆ. ಅಲ್ಲಿಯವರೆಗೂ ನಾನು ಒಂದೊಂದು ಬಣ್ಣದ ಚೌಕವನ್ನು ಸಾಗಿಸುತ್ತಿದ್ದೇನೆ ಅಂದುಕೊಂಡಿದ್ದೆ. ಸಾಗುವುದು ತುಂಡು, ಬಣ್ಣ ಅದರ ಜೊತೆ ಬರುತ್ತೆ ಅಂತ ಗೊತ್ತಾಗಿದ್ದು ಆ ರಾತ್ರಿ. ಈಗಲೂ ಯಾರಾದರೂ ಮಕ್ಕಳು ಕೇಳಿದರೆ ನಿನ್ನ ಮಾತನ್ನೇ ಹೇಳಿ ಶುರು ಮಾಡುತ್ತೇನೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. "ಅದನ್ನೇ" ಅಂದೆಯಲ್ಲ, ಅದು ಅದೇ ಅಲ್ಲ ಕಣೋ. ಮೂರು ಬೈ ಮೂರು ಕ್ಯೂಬನ್ನು ಎಷ್ಟು ರೀತಿ ಕಲಸಬಹುದು ಗೊತ್ತಾ? 43 ಬರೆದು ಮುಂದೆ 18 ಸೊನ್ನೆ ಹಾಕು, ಅದಕ್ಕಿಂತ ಸ್ವಲ್ಪ ಜಾಸ್ತಿ. ಹಾಗಾಗಿ ಕೈಗೆ ಬರುವ ಪ್ರತಿ ಸ್ಕ್ರಾಂಬಲ್ಲೂ, ಅಂದರೆ ಕಲಸಿದ ರೀತಿಯೂ, ನಾನು ಹಿಂದೆ ಕಂಡಿರದ್ದು, ಬಹುಶಃ ಮುಂದೆ ಕಾಣದ್ದೂ ಕೂಡ. ಇದನ್ನು 1974ರಲ್ಲಿ ಬುಡಾಪೆಸ್ಟಿನಲ್ಲಿ ಮಾಡಿದ ಏರ್ನೋ ರೂಬಿಕ್ ಅವರಿಗೇ ತಾವು ಕಲಸಿದ ಕ್ಯೂಬನ್ನು ಮೊದಲ ಸಲ ಸರಿ ಮಾಡುವುದಕ್ಕೆ ಒಂದು ತಿಂಗಳ ಹತ್ತಿರ ಹಿಡಿಯಿತಂತೆ. ಅವರಿಗೆ ಹೇಳಿಕೊಡುವವರು ಯಾರೂ ಇರಲಿಲ್ಲ ನೋಡು, ನನಗೆ ನೀನಿದ್ದೆ.

ಎಷ್ಟೇ ಕಲಸಿದರೂ 20 ತಿರುವಿಗಿಂತ ಜಾಸ್ತಿ ಬೇಕಿಲ್ಲ ಅಂತ 2010ರಲ್ಲಿ ಕಂಪ್ಯೂಟರ್‌ಗಳನ್ನು ಕೂರಿಸಿ ಲೆಕ್ಕ ಹಾಕಿ ತೋರಿಸಿದರು. ನನಗೆ ಅರವತ್ತರ ಹತ್ತಿರ ಬೇಕು. ವೇಗವಾಗಿ ಮಾಡುವವರಿಗೂ ಸುಮಾರು ಅಷ್ಟೇ ಬೇಕು, ಅವರ ಕೈ ನಿಲ್ಲುವುದಿಲ್ಲ ಅಷ್ಟೇ. ನಾನು ಮಾಡುವುದು ಸಿಎಫ್‌ಒಪಿ ಅನ್ನುವ ವಿಧಾನ, ಜೆಸ್ಸಿಕಾ ಫ್ರಿಡ್ರಿಕ್ ಅವರ ಹೆಸರಿನಿಂದ ಜನಕ್ಕೆ ಪರಿಚಯ ಆದದ್ದು. ಮೊದಲು ಕ್ರಾಸ್, ಅಂದರೆ ನೀನು ಹೇಳಿಕೊಟ್ಟ ಆ ಪ್ಲಸ್, ಆಮೇಲೆ ಮೂಲೆ ತುಂಡು ಅಂಚಿನ ತುಂಡು ಜೋಡಿ ಮಾಡಿ ಕೆಳಗಿನ ಎರಡು ಪದರ ತುಂಬುವುದು, ಕೊನೆಗೆ ಮೇಲಿನ ಪದರ. ಮೇಲಿನ ಪದರಕ್ಕೆ ಪೂರ್ತಿ ಕಲಿತರೆ 57 ಮತ್ತು 21, ಒಟ್ಟು 78 ಆಲ್ಗರಿದಂ, ಅಂದರೆ ಕ್ರಮ ತಪ್ಪದೆ ಮಾಡುವ ತಿರುವುಗಳ ಸರಣಿ. ಆ 21 ನನಗೆ ಬಂದಿವೆ. 57ರ ಬದಲು ಸದ್ಯಕ್ಕೆ 10 ಕಲಿತು ಎರಡು ಹಂತದಲ್ಲಿ ದಾಟುತ್ತೇನೆ.

ಬಂದಿವೆ ಅಂದರೆ ಬಾಯಿಗೆ ಬಂದಿಲ್ಲ, ಕೈಗೆ ಬಂದಿವೆ. ಆ 21ರಲ್ಲಿ ಒಂದಾದ ಟಿ ಪರ್ಮ್ ಬರೆದು ತೋರಿಸು ಅಂದರೆ ನನ್ನ ಕೈಲಿ ಆಗಲ್ಲ. ಕ್ಯೂಬ್ ಹಿಡಿದರೆ ಬೆರಳು ತಾನೇ ಹೋಗುತ್ತೆ. ಬಲಗೈ ತೋರುಬೆರಳು ಮೇಲಿನ ಪದರವನ್ನು ಎಳೆಯುತ್ತೆ, ಮಣಿಕಟ್ಟು ಮೇಲೆ ಕೆಳಗೆ ಆಡುತ್ತೆ, ಎಡಗೈ ಸುಮ್ನೆ ಹಿಡಿದುಕೊಂಡಿರುತ್ತೆ. ನಡುವೆ ಯಾರಾದರೂ ಮಾತಾಡಿಸಿ ಕೈ ನಿಂತಿತೋ, ಎಲ್ಲಿದ್ದೆ ಅಂತಲೇ ಗೊತ್ತಾಗಲ್ಲ, ಮತ್ತೆ ಮೊದಲಿನಿಂದ. ಸೀಟು ಸಿಗದ ದಿನ ಮೆಟ್ರೋ ಬಾಗಿಲ ಪಕ್ಕ ಒರಗಿ ನಿಂತು ಇಂದಿರಾನಗರ ಬರುವವರೆಗೆ ಒಂದೇ ಆಲ್ಗರಿದಂ ಮಾಡುತ್ತಾ ಇರುತ್ತೇನೆ. ರಾತ್ರಿ ಮಾತ್ರ ಕಷ್ಟ. "ಹನ್ನೊಂದಾಯ್ತು, ಆ ಕಟಕಟ ನಿಲ್ಸೋ" ಅಂತ ಅಮ್ಮನ ಕೂಗು ಬರುತ್ತೆ.

ಆದರೆ ಆಲ್ಗರಿದಂ ಕಲಿತರೆ ವೇಗ ಬರುತ್ತೆ ಅಂದುಕೊಂಡಿದ್ದು ತಪ್ಪು. ಏಳೆಂಟು ತಿಂಗಳು ನಾನು 35 ಸೆಕೆಂಡಿನಲ್ಲೇ ನಿಂತುಬಿಟ್ಟಿದ್ದೆ. ಮ್ಯಾಗ್ನೆಟ್ ಇರುವ ಹೊಸ ಕ್ಯೂಬ್ ಕೊಂಡೆ, ಬಿಚ್ಚಿ ಸಿಲಿಕೋನ್ ಎಣ್ಣೆ ಹಾಕಿದೆ, ಸ್ಕ್ರೂ ಸಡಿಲ ಮಾಡಿದೆ, ಇನ್ನೂ ಜೋರಾಗಿ ತಿರುಗಿಸಿದೆ. ಏನೂ ಆಗಲಿಲ್ಲ. ಕೊನೆಗೆ ಫೋನನ್ನು ಡಬ್ಬಕ್ಕೆ ಒರಗಿಸಿ ನನ್ನ ಕೈಯನ್ನೇ ವಿಡಿಯೋ ಮಾಡಿ ನೋಡಿದೆ. ಒಂದು ಜೋಡಿಯನ್ನು ಪಟ್ ಅಂತ ತುಂಬಿಸುತ್ತೇನೆ, ಆಮೇಲೆ ಕ್ಯೂಬನ್ನು ಆ ಕಡೆ ಈ ಕಡೆ ಹೊರಳಿಸಿ ಮುಂದಿನ ಜೋಡಿ ಹುಡುಕುತ್ತೇನೆ. ಎರಡು ಸೆಕೆಂಡು, ಕೆಲವು ಸಲ ಮೂರು. ನಾಲ್ಕು ಜೋಡಿಗೆ ನಾಲ್ಕು ಸಲ ಹುಡುಕಾಟ. ಕೈ ಬೇಗ ಇತ್ತು, ಕಣ್ಣು ಹಿಂದೆ ಬಿದ್ದಿತ್ತು.

ನಮ್ಮ ಮನೆ ಪಕ್ಕ ಸಂಗೀತ ಹೇಳಿಕೊಡುವ ಆಂಟಿ ಇದ್ದಾರೆ ಅಲ್ವಾ, ಅವರ ಹತ್ತಿರ ಬೆಳಗ್ಗೆ ಆರೂವರೆಗೆ ಒಂದು ಹುಡುಗಿ ಬರುತ್ತಾಳೆ. ಸರಳೆ ವರಸೆ. ಮೊದಲನೇ ಕಾಲದಲ್ಲಿ, ಅಂದರೆ ನಿಧಾನಕ್ಕೆ, ಚೆನ್ನಾಗಿ ಹಾಡುತ್ತಾಳೆ, ವೇಗದ ಮೂರನೇ ಕಾಲಕ್ಕೆ ಹೋದ ತಕ್ಷಣ ಸ್ವರ ಒಂದರ ಮೇಲೊಂದು ಬೀಳುತ್ತೆ. ಆಂಟಿ ಬೈಯುವುದಿಲ್ಲ. "ಮೊದಲನೇ ಕಾಲಕ್ಕೆ ಬಾ, ತಾಳ ನಿಲ್ಲಿಸಬೇಡ" ಅನ್ನುತ್ತಾರೆ, ಅಷ್ಟೇ. ಒಂದು ದಿನ ನಾನು ಇತ್ತ ಬಾಲ್ಕನಿಯಲ್ಲಿ ಕ್ಯೂಬ್ ಹಿಡಿದು ಕೂತಿದ್ದಾಗ ಆ ಮಾತು ಕಿವಿಗೆ ಬಿತ್ತು, ನನಗೇ ಹೇಳಿದ ಹಾಗೆ. ಅವತ್ತಿನಿಂದ ಟೈಮರ್ ಪಕ್ಕಕ್ಕಿಟ್ಟೆ. ಒಂದು ತಿರುವಿಗೆ ಒಂದು ಸೆಕೆಂಡು, ಬೇಕಾದರೆ ಒಂದೂವರೆ, ಆದರೆ ನಿಲ್ಲಬಾರದು. ಈ ಜೋಡಿ ಒಳಗೆ ಹೋಗುವಾಗ ಕೈಯನ್ನು ನೋಡಬಾರದು, ಅದಕ್ಕೆ ದಾರಿ ಗೊತ್ತು, ಕಣ್ಣು ಮುಂದಿನ ಮೂಲೆಯನ್ನು ಹಿಡಿಯಬೇಕು. ಇದಕ್ಕೆ ಲುಕ್ ಅಹೆಡ್ ಅನ್ನುತ್ತಾರೆ. ಮೊದಲ ವಾರ ತಲೆ ನೋವು ಬಂತು, ನಿಜವಾಗಲೂ. ಮೂರನೇ ವಾರ ಒಂದು ಸಲ, ಹಸಿರು ಕೆಂಪು ಜೋಡಿ ಕೂರುತ್ತಿರುವಾಗಲೇ ಹಿಂದಿನಿಂದ ನೀಲಿ ಕಿತ್ತಳೆ ಅಂಚು ಮೇಲೆ ಬಂದಿದ್ದು ಕಂಡಿತು. ಹುಡುಕದೆ ಕಂಡಿತು ಕಣೋ. ಆ ಖುಷಿ ಹೇಗೆ ಹೇಳಲಿ. ಎರಡು ತಿಂಗಳಿಗೆ 26ಕ್ಕೆ ಬಂದೆ.

ನನ್ನ ಗುರಿ ಯಾವುದು ಅಂತ ನಿನಗೆ ಹೇಳಿಲ್ಲ. 22.95 ಸೆಕೆಂಡು. 1982ರಲ್ಲಿ ಬುಡಾಪೆಸ್ಟಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ ಮಿನ್ ಥಾಯ್ ಗೆದ್ದ ಸಮಯ ಅದು. ಈಗಿನ ಲೆಕ್ಕ ಬೇರೆಯೇ ಬಿಡು, 2023ರಲ್ಲಿ ಅಮೆರಿಕದ ಮ್ಯಾಕ್ಸ್ ಪಾರ್ಕ್ 3.13 ಸೆಕೆಂಡಿಗೆ ಮುಗಿಸಿದರು, ಅದನ್ನೂ 2025ರಲ್ಲಿ ಚೀನಾದ ಪುಟ್ಟ ಹುಡುಗರು ದಾಟಿದರು. ಆ ಮೂರು ಸೆಕೆಂಡು ನನ್ನ ಕೈಗೆ ಎಟುಕುವಂಥದ್ದಲ್ಲ, ನೋಡಿ ಸಂತೋಷ ಪಡುತ್ತೇನೆ. ಆದರೆ ಈಗಿನಂಥ ಮ್ಯಾಗ್ನೆಟ್ ಕ್ಯೂಬ್ ಇಲ್ಲದ ಕಾಲದಲ್ಲಿ ಒಬ್ಬ ಹುಡುಗ ಅಷ್ಟು ಜನರ ಮುಂದೆ ಮಾಡಿದ 22.95, ಅದು ನನಗೆ ಬೇಕು. ಮನೆಯಲ್ಲಿ ಬಂದರೆ ಸಾಲದು, ಸ್ಪರ್ಧೆಯಲ್ಲೇ ಬರಬೇಕು.

ಅದಕ್ಕೇ ಹೋದ ತಿಂಗಳು ಇಲ್ಲೇ ಬೆಂಗಳೂರಿನಲ್ಲಿ ನಡೆದ ಒಂದು ಸ್ಪರ್ಧೆಗೆ ಹೆಸರು ಕೊಟ್ಟೆ, ವರ್ಲ್ಡ್ ಕ್ಯೂಬ್ ಅಸೋಸಿಯೇಷನ್ ನಿಯಮದಂತೆ ನಡೆಯುವಂಥದ್ದು. ದೊಡ್ಡ ಹಾಲ್, ತುಂಬಾ ಮಕ್ಕಳು, ಗೋಡೆ ಪಕ್ಕ ಟಿಫಿನ್ ಡಬ್ಬಿ ಹಿಡಿದು ಕೂತ ಅಪ್ಪ ಅಮ್ಮಂದಿರು, ಎಲ್ಲ ಕಡೆಯಿಂದ ಮಳೆ ಬಿದ್ದ ಹಾಗೆ ಕ್ಯೂಬಿನ ಸದ್ದು. ನನಗೆ ಜಾಸ್ತಿ ಇಷ್ಟ ಆಗಿದ್ದು ಏನು ಗೊತ್ತಾ, ಅಲ್ಲಿ ಕೆಲಸ ಮಾಡುವವರೂ ಸ್ಪರ್ಧಿಗಳೇ. ಕ್ಯೂಬ್ ಕಲಸುವುದು, ಮೇಜಿಗೆ ತಂದು ಕೊಡುವುದು, ಜಡ್ಜ್ ಆಗಿ ಕೂರುವುದು, ಎಲ್ಲ ಸರದಿಯ ಮೇಲೆ. ನಾನೂ ಒಂದು ಗಂಟೆ ಜಡ್ಜ್ ಆಗಿದ್ದೆ. ನನ್ನ ಸರದಿ ಬಂದಾಗ ನನಗೆ ಜಡ್ಜ್ ಆಗಿ ಕೂತವನಿಗೆ ಹನ್ನೆರಡು ವರ್ಷ ಇರಬೇಕು. "ಅಂಕಲ್, ಟೆನ್ಶನ್ ಬೇಡ" ಅಂದ.

ಐದು ಸಾಲ್ವ್, ಅಂದರೆ ಐದು ಸಲ ಸರಿ ಮಾಡಬೇಕು. ಒಂದೇ ಗುಂಪಿನವರಿಗೆಲ್ಲ ಅದೇ ಐದು ಸ್ಕ್ರಾಂಬಲ್. ಹುಡುಗ ಮುಚ್ಚಳ ತೆಗೆದ, ನೋಡುವುದಕ್ಕೆ 15 ಸೆಕೆಂಡು. ಎಂಟು ಸೆಕೆಂಡಾದಾಗ ಒಮ್ಮೆ, ಹನ್ನೆರಡಾದಾಗ ಒಮ್ಮೆ ಕೂಗಿ ಹೇಳುತ್ತಾರೆ. ಕ್ಯೂಬ್ ಕೆಳಗಿಟ್ಟು ಟೈಮರಿನ ಮೇಲೆ ಎರಡೂ ಕೈ ಇಡಬೇಕು, ಹಸಿರು ದೀಪ ಬಂದ ಮೇಲೆ ಎತ್ತಬೇಕು. ಮೊದಲನೆಯದು 27.18. ಕೈ ನಡುಗುತ್ತಿತ್ತು, ಅಂಗೈ ಒದ್ದೆ. ಎರಡನೆಯದು 25.92.

ಮೂರನೆಯದರಲ್ಲಿ ಕ್ರಾಸ್ ಎಷ್ಟು ಸಲೀಸಾಗಿ ಬಂತೆಂದರೆ ಮೊದಲ ಜೋಡಿ ಎಲ್ಲಿದೆ ಅಂತ 15 ಸೆಕೆಂಡಿನೊಳಗೇ ಕಂಡಿತ್ತು. ಎಲ್ಲೂ ನಿಲ್ಲಲಿಲ್ಲ. ಕೊನೆಗೆ ಟಿ ಪರ್ಮ್ ಬಂತು, ಅದೇ ಮೆಟ್ರೋದಲ್ಲಿ ಮಾಡಿ ಮಾಡಿ ಸವೆಸಿದ್ದು. ಮೇಲಿನ ಪದರ ಇನ್ನೊಂದು ತಿರುವು ತಿರುಗಿದರೆ ಮುಗಿಯಿತು, ತಿರುಗಿಸಿದೆ, ಬಿಟ್ಟೆ, ಟೈಮರ್ ಒತ್ತಿದೆ. 21.64!

ಹುಡುಗ ಕ್ಯೂಬನ್ನೇ ನೋಡುತ್ತಿದ್ದ. ನಾನೂ ನೋಡಿದೆ. ಮೇಲಿನ ಪದರ ಪೂರ್ತಿ ಕೂತಿರಲಿಲ್ಲ, ಅರ್ಧಕ್ಕಿಂತ ಹಿಂದೆಯೇ ನಿಂತುಬಿಟ್ಟಿತ್ತು. 45 ಡಿಗ್ರಿಗಿಂತ ಜಾಸ್ತಿ ಓರೆ ಇದ್ದರೆ ಎರಡು ಸೆಕೆಂಡು ದಂಡ. ಅವನು ಮುಟ್ಟಲಿಲ್ಲ, ನನಗೂ ಮುಟ್ಟಬೇಡಿ ಅಂದ, ತಲೆ ಬಗ್ಗಿಸಿ ಪಕ್ಕದಿಂದ ನೋಡಿದ, ದೊಡ್ಡವರೊಬ್ಬರನ್ನು ಕರೆದು ಕೇಳಿದ. ಆಮೇಲೆ ಚೀಟಿಯಲ್ಲಿ 21.64 + 2 = 23.64 ಅಂತ ದುಂಡಗೆ ಬರೆದು ಸಹಿಗೆ ನನ್ನ ಮುಂದೆ ಇಟ್ಟ. "ಸಾರಿ ಅಂಕಲ್, ಸಾಲ್ವ್ ಮಾತ್ರ ಸೂಪರ್ ಇತ್ತು" ಅಂದ. ಅವನು ಮಾಡಿದ್ದು ಸರಿ. ನಾನೇ ಆತುರ ಪಟ್ಟೆ, ಕೊನೆಯ ತಿರುವಿನಲ್ಲಿ ಕಣ್ಣು ಟೈಮರಿಗೆ ಹೋಗಿತ್ತು. ಸಹಿ ಹಾಕುವಾಗ ಗಂಟಲು ಕಟ್ಟಿತು.

ನಾಲ್ಕನೆಯದು 29.47, ಮನಸ್ಸು ಇನ್ನೂ ಹಿಂದೆಯೇ ಇತ್ತು. ಐದನೆಯದು 24.80. ಐದರಲ್ಲಿ ಒಳ್ಳೆಯದು ಒಂದು, ಕೆಟ್ಟದ್ದು ಒಂದು ಬಿಟ್ಟು ಉಳಿದ ಮೂರರ ಸರಾಸರಿ ತೆಗೆಯುತ್ತಾರೆ, ನನಗೆ 25.97 ಬಂತು. ಮನೆಗೆ ಬಂದು ಲೆಕ್ಕ ಹಾಕಿದರೆ, ಆ ಎರಡು ಸೆಕೆಂಡು ದಂಡ ಬೀಳದಿದ್ದರೂ ಸರಾಸರಿ ಅದೇ ಬರುತ್ತಿತ್ತು, ಯಾಕೆಂದರೆ ಒಳ್ಳೆಯದು ಹೇಗೂ ಬಿಟ್ಟುಹೋಗುತ್ತೆ. ಹೋಗಿದ್ದು 22.95 ಒಂದೇ. ಮಾರನೇ ದಿನ ಮೆಟ್ರೋದಲ್ಲಿ ಮತ್ತೆ ಟಿ ಪರ್ಮ್ ಶುರು ಮಾಡಿದೆ, ಈ ಸಲ ಕೊನೆಯ ತಿರುವು ಪೂರ್ತಿ ಕೂರುವುದನ್ನು ಕಣ್ಣಾರೆ ನೋಡಿಯೇ ಕೈ ಬಿಡುವುದು. ನೀನು ಫೋನ್ ಮಾಡಿದಾಗ ಜೇಬಿನಲ್ಲಿ ಕ್ಯೂಬ್ ಇತ್ತು.

ಇನ್ನೊಂದು ವಿಷಯ. ಅಟ್ಟ ಸ್ವಚ್ಛ ಮಾಡುವಾಗ ನಿನ್ನ ಹಳೆಯ ಕ್ಯೂಬ್ ಸಿಕ್ಕಿತು, ಹಾಸ್ಟೆಲ್ಲಿನದು, ಕಿತ್ತಳೆ ಸ್ಟಿಕರಿನ ಮೂಲೆ ಎದ್ದಿದೆಯಲ್ಲ, ಅದೇ. ತಿರುಗಿಸಿದರೆ ಮರಳು ಸಿಕ್ಕ ಹಾಗೆ ಕರಕರ ಅನ್ನುತ್ತಿತ್ತು. ಒಂದೊಂದೇ ತುಂಡು ಬಿಚ್ಚಿ ಸೋಪಿನ ನೀರಿನಲ್ಲಿ ತೊಳೆದು ಬಟ್ಟೆಯ ಮೇಲೆ ಒಣಗಿಸಿದ್ದೇನೆ, ಎಣ್ಣೆ ಹಾಕಿ ಮತ್ತೆ ಜೋಡಿಸಿದ್ದೇನೆ. ಸ್ಟಿಕರ್ ಹಾಗೇ ಬಿಟ್ಟಿದ್ದೇನೆ. ವಿಳಾಸ ಕಳಿಸು, ನಾಳೆಯೇ ಕೊರಿಯರ್ ಮಾಡುತ್ತೇನೆ. ಕಲಸಿಯೇ ಕಳಿಸುತ್ತೇನೆ, ಬಿಳಿ ಪ್ಲಸ್ಸಿನಿಂದ ಶುರು ಮಾಡು.

ನಿನ್ನವನೇ