ಸಸಿಯ ಚೀಟಿಗೆ ಪೆನ್ಸಿಲ್ಲೇ ಸರಿ

ಮಾನ್ಯ ಸಂಪಾದಕರೇ,

ಮುಂಗಾರಿಗೆ ಕೈತೋಟದ ಮಡಿ ಸಿದ್ಧ ಮಾಡುವವರು ಸಸಿಗಳಿಗೆ ಹೆಸರು ಬರೆದಿಡುವುದನ್ನು ಮರೆಯಬಾರದು. ಮೆಣಸಿನಕಾಯಿ, ಬದನೆ, ಟೊಮೆಟೊ ಬೀಜದೆಲೆಯ ಹಂತದಲ್ಲಿ ಸುಲಭಕ್ಕೆ ಗುರುತು ಸಿಗುವುದಿಲ್ಲ. ಬ್ಯಾಡಗಿ, ಗುಂಟೂರು ತಳಿಗಳಂತೂ ಕಾಯಿ ಬಿಡುವವರೆಗೂ ಒಗಟೇ.

ಅಂಗಡಿಯ ಚೀಟಿಗೆ ದುಡ್ಡು ಸುರಿಯಬೇಕಿಲ್ಲ. ಖಾಲಿ ಮೊಸರಿನ ಬಿಳಿ ಡಬ್ಬಿಯನ್ನು 2 ಸೆಂ.ಮೀ. ಅಗಲ, 12 ಸೆಂ.ಮೀ. ಉದ್ದದ ಪಟ್ಟಿಗಳಾಗಿ ಕತ್ತರಿಸಿ, ಒಂದು ತುದಿ ಚೂಪು ಮಾಡಿ. ನುಣುಪಾದ ಮೈಗೆ ಪೆನ್ಸಿಲ್ ಹತ್ತದು. ಉಪ್ಪುಕಾಗದದಿಂದ ಎರಡು ಸಲ ತಿಕ್ಕಿ, 2ಬಿ ಪೆನ್ಸಿಲ್‌ನಿಂದ ತಳಿ ಮತ್ತು ಬಿತ್ತಿದ ದಿನ ಬರೆಯಿರಿ. 'ಪರ್ಮನೆಂಟ್' ಮಾರ್ಕರ್ ಹೆಸರಿಗಷ್ಟೇ ಪರ್ಮನೆಂಟ್. ರಾಯಚೂರಿನ ಬಿಸಿಲಿಗೆ ಅದರ ಬಣ್ಣ ಬೇಗ ಮಾಸುತ್ತದೆ. ಪೆನ್ಸಿಲ್‌ನ ಗ್ರಾಫೈಟ್ ಬಿಸಿಲಿಗೆ ಮಾಸದು. ಐಸ್‌ಕ್ರೀಂ ಕಡ್ಡಿ ಬೇಡ, ಮಣ್ಣಲ್ಲಿ ಕೊಳೆಯುತ್ತದೆ. ಪ್ಲಾಸ್ಟಿಕ್ ಪಟ್ಟಿಯೂ ಬಿಸಿಲಿಗೆ ಪೆಡಸಾಗಿ ಮುರಿಯುವುದರಿಂದ ಒಂದು ಹಂಗಾಮಿಗಷ್ಟೇ ನಂಬಿ.

ಕರಿಬೇವು, ನುಗ್ಗೆಯಂಥ ಬಹುಕಾಲದ ಗಿಡಕ್ಕೆ ತಂಪುಪಾನೀಯದ ಅಲ್ಯೂಮಿನಿಯಂ ಡಬ್ಬಿಯ ತಗಡು ಒಳ್ಳೆಯದು. ಹಳೆ ಪತ್ರಿಕೆಯ ಮೇಲಿಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಅಕ್ಷರ ತಗ್ಗಾಗಿ ಉಳಿಯುತ್ತದೆ. ಅಂಚು ಕೈ ಕೊಯ್ಯುತ್ತದೆ, ಮಡಚಿಬಿಡಿ. ತಂತಿಯನ್ನು ಕಾಂಡಕ್ಕೆ ಬಿಗಿಯಬೇಡಿ. ಕಾಂಡ ದಪ್ಪವಾದಂತೆ ತೊಗಟೆಯೊಳಗೆ ಹೂತು ಗಿಡ ಸೊರಗುತ್ತದೆ. ಕೊಂಬೆಗೆ ಸಡಿಲವಾಗಿ ತೂಗುಹಾಕಿ.

ಚೆನ್ನಾಗಿ ಒಣಗಿದ ಬೀಜವನ್ನು ಕಾಗದದ ಪೊಟ್ಟಣದಲ್ಲಿಟ್ಟು, ತಳಿ, ತಿಂಗಳು, ವರ್ಷ ಬರೆದ ಚೀಟಿಯನ್ನು ಒಳಗೂ ಹಾಕಿ. ಈರುಳ್ಳಿ ಬೀಜಕ್ಕೆ ವರ್ಷ ಬರೆಯುವುದು ಮುಖ್ಯ, ಅದರ ಮೊಳಕೆ ಶಕ್ತಿ ಬೇಗ ಕುಗ್ಗುತ್ತದೆ. ಅಳಿಲು, ಮಕ್ಕಳು ಚೀಟಿ ಕಿತ್ತರೂ ದಾರಿ ಇರಲಿ: ಮಡಿಯ ನಕ್ಷೆಯೊಂದು ನೋಟ್‌ಬುಕ್ಕಿನಲ್ಲಿರಲಿ.

– ಕೈತೋಟ ಆಸಕ್ತರು, ರಾಯಚೂರು