ಇಂಗ್ಲಿಷ್ ಕಲಿಸಲು ಹೊರದೇಶಕ್ಕೆ ಹೊರಟ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನೀನು ಕಳಿಸಿದ ಜಾಹೀರಾತುಗಳನ್ನೆಲ್ಲ ಕೂತು ಓದಿದೆ. ಡಿಗ್ರಿ ಮುಗಿದ ಹುರುಪಿನಲ್ಲಿ ಅರ್ಧ ಏಷ್ಯಾಕ್ಕೆ ಒಟ್ಟಿಗೇ ಅರ್ಜಿ ಹಾಕಲು ಹೊರಟಿದ್ದೀಯ. ಹಾಕು, ಬೇಡ ಅನ್ನುವುದಿಲ್ಲ. ಆದರೆ ಪ್ರತಿ ಜಾಹೀರಾತು ಓದುವಾಗಲೂ ಒಂದು ಪ್ರಶ್ನೆ ಕೇಳಿಕೋ. ಇದರಲ್ಲಿರುವ ಷರತ್ತು ಆ ದೇಶದ ವೀಸಾ ಕಾನೂನಿನದೋ, ಇಲ್ಲ ಶಾಲೆ ನಡೆಸುವವರ ಇಷ್ಟದ್ದೋ? ಕಾನೂನಿನ ಜೊತೆ ವಾದ ಮಾಡಿ ಏನೂ ಆಗುವುದಿಲ್ಲ. ಶಾಲೆಯವರ ಜೊತೆ ಮಾಡಿ ನೋಡಬಹುದು.

‘ನೇಟಿವ್ ಸ್ಪೀಕರ್ ಮಾತ್ರ’, ಅಂದರೆ ಇಂಗ್ಲಿಷ್ ತಾಯ್ನುಡಿ ಆದವರು ಮಾತ್ರ, ಅಂತ ಇರುತ್ತದಲ್ಲ, ಅದನ್ನು ನೋಡಿ ನೀನು ತುಂಬಾ ಕುಗ್ಗಿದ ಹಾಗಿದೆ. ಆ ಒಂದೇ ಸಾಲಿಗೆ ಒಂದೊಂದು ದೇಶದಲ್ಲಿ ಒಂದೊಂದು ತೂಕ. ದಕ್ಷಿಣ ಕೊರಿಯಾದಲ್ಲಿ ಅದು ಕಾನೂನು. ಅಲ್ಲಿ ಇಂಗ್ಲಿಷ್ ಕಲಿಸುವವರಿಗೆ ಕೊಡುವ ಇ-2 ವೀಸಾ ಏಳು ದೇಶಗಳ ಪಾಸ್‌ಪೋರ್ಟ್ ಇದ್ದವರಿಗೆ: ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್, ದಕ್ಷಿಣ ಆಫ್ರಿಕಾ. ನಿನ್ನ ಇಂಗ್ಲಿಷ್ ಎಷ್ಟೇ ಚೆನ್ನಾಗಿರಲಿ, ಪಾಸ್‌ಪೋರ್ಟ್ ಆ ಪಟ್ಟಿಯಲ್ಲಿಲ್ಲ. 2010ರಲ್ಲಿ ಭಾರತ ಮತ್ತು ಕೊರಿಯಾ ನಡುವಿನ ವ್ಯಾಪಾರ ಒಪ್ಪಂದ ಜಾರಿಗೆ ಬಂದ ಮೇಲೆ ನಮ್ಮವರಿಗೂ ಒಂದು ಸಣ್ಣ ದಾರಿ ತೆರೆದಿದೆ, ಆದರೆ ಅದು ಇಂಗ್ಲಿಷ್ ಶಿಕ್ಷಕರ ಅರ್ಹತಾ ಪತ್ರ ಇದ್ದವರಿಗೆ, ಅದೂ ಸಹಾಯಕ ಶಿಕ್ಷಕರ ಕೆಲಸಕ್ಕೆ. ಬರೀ ಡಿಗ್ರಿ ಸಾಲದು. ಚೀನಾದಲ್ಲೂ ಭಾಷೆ ಕಲಿಸುವವರು ತಮ್ಮ ತಾಯ್ನುಡಿಯನ್ನೇ ಕಲಿಸಬೇಕು ಅನ್ನುವುದು ಸಾಮಾನ್ಯ ನಿಯಮ. ಹಾಗಾಗಿ ನೀನು ಗುರುತು ಹಾಕಿದ ಕೊರಿಯಾ, ಚೀನಾ ಜಾಹೀರಾತುಗಳನ್ನು ಸದ್ಯಕ್ಕೆ ಪಕ್ಕಕ್ಕಿಡು.

ಜಪಾನಿನ ಕಥೆ ಬೇರೆ. ಅಲ್ಲಿ ಶಾಲೆಗಳಲ್ಲಿ ಕಲಿಸುವ ವೀಸಾಕ್ಕೆ ಇಂಗ್ಲಿಷ್ ನಿನ್ನ ತಾಯ್ನುಡಿ ಆಗಿರಲೇಬೇಕು ಅಂತಿಲ್ಲ. ಹನ್ನೆರಡು ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದೀಯ ಅಂತ ತೋರಿಸಬೇಕು. ನೀನು ಒಂದನೇ ಕ್ಲಾಸಿನಿಂದಲೂ ಇಂಗ್ಲಿಷ್ ಮೀಡಿಯಂ, ಅಲ್ವಾ? ಹಾಗಿದ್ದರೆ ಓದಿದ ಪ್ರತಿ ಶಾಲೆ, ಕಾಲೇಜಿನಿಂದಲೂ ‘ಬೋಧನಾ ಮಾಧ್ಯಮ ಇಂಗ್ಲಿಷ್’ ಎಂಬ ಪತ್ರ ಈಗಲೇ ತೆಗೆದುಕೋ, ಸೀಲು ಸಹಿ ಸಮೇತ. ಹಳೇ ಶಾಲೆಯ ಆಫೀಸಿನಲ್ಲಿ ‘ಯಾಕೆ ಇದು?’ ಅಂತ ವಿಚಿತ್ರವಾಗಿ ನೋಡುತ್ತಾರೆ. ನೋಡಲಿ ಬಿಡು. ಹೊರದೇಶದವರನ್ನು ಶಾಲೆಗಳಲ್ಲಿ ಭಾಷೆ ಕಲಿಸುವಂಥ ಕೆಲಸಗಳಿಗೆ ಕರೆಸಿಕೊಳ್ಳಲು ಅಲ್ಲಿನ ಸರ್ಕಾರ 1987ರಿಂದ ನಡೆಸುತ್ತಿರುವ ಜೆಟ್ ಕಾರ್ಯಕ್ರಮದ ಹೆಸರು ಕೇಳಿರಬಹುದು. ಯಾವ ವಿಷಯದ ಡಿಗ್ರಿಯಾದರೂ ನಡೆಯುತ್ತದೆ. ಒಪ್ಪಂದ ಒಂದು ವರ್ಷದ್ದು, ಮುಂದುವರಿಸುತ್ತಾ ಹೋದರೆ ಹೆಚ್ಚೆಂದರೆ ಐದು ವರ್ಷ. ಆದರೆ ಯಾವ ದೇಶದಿಂದ ಯಾವ ಹುದ್ದೆಗೆ ಜನ ತೆಗೆದುಕೊಳ್ಳುತ್ತಾರೆ ಅನ್ನುವುದನ್ನು ಆಯಾ ದೇಶದ ಜಪಾನ್ ರಾಯಭಾರ ಕಚೇರಿಯೇ ಹೇಳಬೇಕು. ಬೇರೆ ಯಾರು ಏನೇ ಹೇಳಿದರೂ ನಂಬಬೇಡ, ನನ್ನನ್ನೂ ಸೇರಿಸಿ.

ಥೈಲ್ಯಾಂಡ್ ಮತ್ತು ವಿಯೆಟ್ನಾಂನಲ್ಲಿ ಪಾಸ್‌ಪೋರ್ಟ್ ಒಂದೇ ಕಾರಣಕ್ಕೆ ಕಾನೂನು ನಿನ್ನನ್ನು ತಡೆಯುವುದಿಲ್ಲ. ಡಿಗ್ರಿ ಬೇಕು, ಬೋಧನೆಯ ಸರ್ಟಿಫಿಕೇಟ್ ಬೇಕು, ಇಂಗ್ಲಿಷ್ ಬರುತ್ತದೆ ಅನ್ನುವುದಕ್ಕೆ ಐಇಎಲ್‌ಟಿಎಸ್ ಅಥವಾ ಟೋಯಿಕ್‌ನಂಥ ಪರೀಕ್ಷೆಯ ಅಂಕ ಕೇಳುತ್ತಾರೆ. ಅಲ್ಲಿ ‘ನೇಟಿವ್ ಮಾತ್ರ’ ಅಂತ ಬರೆದಿದ್ದರೆ ಅದು ಹೆಚ್ಚಾಗಿ ಮಾರುಕಟ್ಟೆಯ ಮಾತು. ಫೀಸು ಕಟ್ಟುವ ಅಪ್ಪ ಅಮ್ಮಂದಿರಿಗೆ ಬಿಳಿ ಮುಖ ತೋರಿಸಬೇಕು, ಅಷ್ಟೇ. ಅರ್ಜಿಯ ಜೊತೆ ಫೋಟೋ ಕೇಳುವುದೂ ಬಹಳ ಸಲ ಅದಕ್ಕೇ. ಇಂಗ್ಲಿಷ್ ಬೋಧಕರ ಅಂತರರಾಷ್ಟ್ರೀಯ ಸಂಘಟನೆಯಾದ ಟೀಸೋಲ್ ಇಂಥ ತಾರತಮ್ಯ ತಪ್ಪು ಅಂತ 2006ರಲ್ಲೇ ಹೇಳಿಕೆ ಹೊರಡಿಸಿತ್ತು. ಜಾಹೀರಾತು ಬರೆಯುವವರು ಅದನ್ನು ಓದಿದಂತಿಲ್ಲ. ನನಗೆ ಇದರ ಮೇಲೆ ಈಗಲೂ ಸಿಟ್ಟಿದೆ. ಆದರೂ ಅಂಥ ಕಡೆಗೂ ಅರ್ಜಿ ಹಾಕು, ಜೊತೆಗೆ ನೀನು ಪಾಠ ಮಾಡುವ ಹತ್ತು ನಿಮಿಷದ ವಿಡಿಯೋ ಕಳಿಸು. ಟರ್ಮ್ ಶುರುವಾಗುವ ಹೊತ್ತಿಗೆ ಟೀಚರ್ ಸಿಗದೆ ಒದ್ದಾಡುವ ಶಾಲೆಗಳು ಇದ್ದೇ ಇರುತ್ತವೆ. ಆಗ ಅವರಿಗೆ ಪಾಸ್‌ಪೋರ್ಟ್ ಬಣ್ಣಕ್ಕಿಂತ ಕ್ಲಾಸು ನಡೆಯುವುದು ಮುಖ್ಯ.

ಆ ವಿಡಿಯೋ ಚೆನ್ನಾಗಿ ಬರಬೇಕಾದರೆ ಮೊದಲು ಪಾಠ ಮಾಡಿ ಗೊತ್ತಿರಬೇಕಲ್ಲ. ಕೋರ್ಸಿನ ವಿಷಯ ಬರುವುದು ಇಲ್ಲೇ. ಇಂಗ್ಲಿಷ್ ಕಲಿಸುವ ತರಬೇತಿಗೆ ಹೇಳುವ ‘ಟೆಫಲ್’ ಅನ್ನುವ ಹೆಸರು ಯಾರೊಬ್ಬರ ಸ್ವತ್ತೂ ಅಲ್ಲ. ಯಾರು ಬೇಕಾದರೂ ವೆಬ್‌ಸೈಟ್ ತೆರೆದು ‘120 ಗಂಟೆ’ ಅಂತ ಸರ್ಟಿಫಿಕೇಟ್ ಪ್ರಿಂಟ್ ಮಾಡಿ ಕೊಡಬಹುದು, ಕೊಡುತ್ತಲೂ ಇದ್ದಾರೆ. ಕೆಲವು ವೀಸಾ ಕಚೇರಿಗಳಿಗೆ ಆ ಕಾಗದವೇ ಸಾಕಾಗುತ್ತದೆ. ನಿನಗೆ ಸಾಕಾಗುವುದಿಲ್ಲ. ದುಡ್ಡು ಹೊಂದಿಸಲು ಆದರೆ ಕೇಂಬ್ರಿಡ್ಜ್‌ನವರ ಸೆಲ್ಟಾ ಅನ್ನುವ ಬೋಧನಾ ಕೋರ್ಸು ಮಾಡು, ಇಲ್ಲವೇ ಟ್ರಿನಿಟಿಯವರ ಸರ್ಟ್ ಟೀಸೋಲ್ ಕೋರ್ಸು. ಸೆಲ್ಟಾ ಪೂರ್ಣಾವಧಿಯಲ್ಲಿ ಮಾಡಿದರೆ ಸುಮಾರು ನಾಲ್ಕು ವಾರ. ಅದರಲ್ಲಿ ಆರು ಗಂಟೆ ನಿಜವಾದ ವಿದ್ಯಾರ್ಥಿಗಳ ಮುಂದೆ ನಿಂತು ಪಾಠ ಮಾಡಬೇಕು, ಹಿಂದೆ ಕೂತ ಬೋಧಕರು ಒಂದೊಂದನ್ನೂ ಬರೆದುಕೊಳ್ಳುತ್ತಾರೆ. ನಿದ್ದೆ ಕಮ್ಮಿ, ಕೆಲಸ ಜಾಸ್ತಿ. ಅಲ್ಲಿ ಕಲಿತದ್ದು ಮಾತ್ರ ಮರೆಯುವುದಿಲ್ಲ.

ಅದು ಎಂಥ ಕಲಿಕೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ವಿಯೆಟ್ನಾಂನ ಹನೋಯ್‌ನಲ್ಲಿ ನಾನು ಪಾಠ ಮಾಡುತ್ತಿದ್ದ ಹೈಸ್ಕೂಲ್ ಮಕ್ಕಳ ಒಂದು ಸಂಜೆ ಕ್ಲಾಸು. ಬೋರ್ಡಿನ ಮೇಲೆ ‘ಐ ಯೂಸ್ಡ್ ಟು ಪ್ಲೇ ಫುಟ್‌ಬಾಲ್’ (ಹಿಂದೆ ಆಡುತ್ತಿದ್ದೆ, ಈಗ ಇಲ್ಲ) ಅಂತ ಬರೆದಿದ್ದೆ. ‘ಅರ್ಥ ಆಯ್ತಾ?’ ಅಂತ ಕೇಳಿದ್ದರೆ ಇಡೀ ಕ್ಲಾಸು ‘ಯೆಸ್ ಟೀಚರ್’ ಅನ್ನುತ್ತಿತ್ತು, ಯಾರಿಗೂ ಅರ್ಥ ಆಗಿರುತ್ತಿರಲಿಲ್ಲ. ಅದನ್ನು ಕೇಳಬಾರದು ಅಂತಲೇ ಕೋರ್ಸಿನಲ್ಲಿ ತಲೆಗೆ ತುಂಬಿದ್ದರು. ಬದಲಿಗೆ ‘ನಾನು ಈಗ ಫುಟ್‌ಬಾಲ್ ಆಡುತ್ತೇನಾ?’ ಅಂತ ಕೇಳಿದೆ. ಅರ್ಧ ಮಕ್ಕಳು ಹೌದು ಅಂದರು. ‘ಆಡಿದ್ದು ಒಂದೇ ಸಲವಾ, ತುಂಬಾ ಸಲವಾ?’ ಯಾರೂ ಮಾತಾಡಲಿಲ್ಲ. ಬೋರ್ಡಿನ ಮೇಲೆ ಒಂದು ಅಡ್ಡಗೆರೆ ಎಳೆದು, ನಡುವೆ ‘ನೌ’ ಅಂತ ಬರೆದು, ಎಡಗಡೆ ಸಾಲಾಗಿ ಐದಾರು ಇಂಟು ಗುರುತು ಹಾಕಿದೆ. ‘ನೌ’ ಹತ್ತಿರ ಬರುವ ಮೊದಲೇ ನಿಲ್ಲಿಸಿದೆ. ಹಿಂದಿನ ಬೆಂಚಿನ ಹುಡುಗ ಕೈ ಎತ್ತಿ, ‘ಟೀಚರ್, ನೌ ಯು ಆರ್ ಓಲ್ಡ್’ ಅಂದ. ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರೂ ತಾವು ಬಿಟ್ಟುಬಿಟ್ಟ ಆಟಗಳ ಬಗ್ಗೆ ಸರಿಯಾಗಿ ವಾಕ್ಯ ಕಟ್ಟಿದರು. ಇಂಟರ್‌ವ್ಯೂನಲ್ಲಿ ಡೆಮೊ ಪಾಠ ಕೇಳಿದಾಗ ನೋಡುವುದು ಇದನ್ನೇ. ನೀನು ಎಷ್ಟು ಮಾತಾಡುತ್ತೀಯ ಅನ್ನುವುದನ್ನಲ್ಲ, ಮಕ್ಕಳ ಬಾಯಿಂದ ಎಷ್ಟು ಮಾತು ಹೊರಡಿಸುತ್ತೀಯ ಅನ್ನುವುದನ್ನು. ಅಂದಹಾಗೆ, ನಿನ್ನ ಉಚ್ಚಾರಣೆಯ ಚಿಂತೆ ಬಿಡು. ಮಕ್ಕಳು ಅದನ್ನು ಗಮನಿಸುವುದೇ ಇಲ್ಲ.

ಕಾಗದಪತ್ರಗಳ ಬಗ್ಗೆ ಬೇಜಾರಾದರೂ ಓದು. ನಿನ್ನ ಕೈಲಿರುವುದು ಪ್ರೊವಿಷನಲ್ ಸರ್ಟಿಫಿಕೇಟ್. ವರ್ಕ್ ಪರ್ಮಿಟ್‌ಗೆ ಸಾಮಾನ್ಯವಾಗಿ ಪದವಿಯ ಮೂಲ ಪ್ರಮಾಣಪತ್ರವೇ ಬೇಕು. ಘಟಿಕೋತ್ಸವಕ್ಕೆ ಕಾಯಬೇಡ, ಬೇಗ ಕೊಡುವ ದಾರಿ ಇದೆಯಾ ಅಂತ ವಿಶ್ವವಿದ್ಯಾಲಯದಲ್ಲಿ ವಿಚಾರಿಸು. ಆಮೇಲೆ ಅದಕ್ಕೆ ಅಪೊಸ್ಟಿಲ್ ಮಾಡಿಸಬೇಕು, ಅಂದರೆ ಕಾಗದ ಅಸಲಿ ಅಂತ ಹೊರದೇಶದವರು ಒಪ್ಪುವಂತೆ ನಮ್ಮ ಸರ್ಕಾರ ಹಾಕುವ ಮುದ್ರೆ. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಿಗೆ ಆ ಒಂದು ಮುದ್ರೆ ಸಾಕು. ಜಪಾನ್, ಕೊರಿಯಾ ಅದರಲ್ಲಿವೆ. ಸೇರದ ದೇಶವಾದರೆ ಅದರ ರಾಯಭಾರ ಕಚೇರಿಯ ಮುದ್ರೆಯೂ ಬೇಕಾಗುತ್ತದೆ. ಪೊಲೀಸ್ ಕ್ಲಿಯರೆನ್ಸ್ ಮಾತ್ರ ಈಗಲೇ ಮಾಡಿಸಬೇಡ. ತೀರಾ ಹಳೆಯದಾದರೆ ತಿರಸ್ಕರಿಸುತ್ತಾರೆ, ಕೆಲಸ ಖಚಿತವಾದ ಮೇಲೆ ಮಾಡಿಸು.

ಶಾಲೆಗಳು ಶುರುವಾಗುವ ತಿಂಗಳನ್ನೂ ನೋಡಿಕೋ. ಜಪಾನಿನಲ್ಲಿ ಏಪ್ರಿಲ್, ಥೈಲ್ಯಾಂಡಿನಲ್ಲಿ ಮೇ. ಅದಕ್ಕೆ ಮೂರ್ನಾಲ್ಕು ತಿಂಗಳ ಮೊದಲೇ ನೇಮಕಾತಿಯ ಗಡಿಬಿಡಿ ಇರುತ್ತದೆ. ಇನ್ನು ಮನೆಯಲ್ಲೇ ಕೂತು ಚೀನಾದ ಮಕ್ಕಳಿಗೆ ಆನ್‌ಲೈನ್ ಪಾಠ ಮಾಡುವ ನಿನ್ನ ಯೋಚನೆ. 2021ರ ಜುಲೈನಲ್ಲಿ ಅಲ್ಲಿನ ಸರ್ಕಾರ ಟ್ಯೂಷನ್ ವ್ಯವಹಾರಕ್ಕೆ ಕಡಿವಾಣ ಹಾಕಿ, ಹೊರದೇಶದಲ್ಲಿ ಕೂತ ಶಿಕ್ಷಕರನ್ನು ಬಳಸುವುದನ್ನೂ ನಿಷೇಧಿಸಿತು. ಆ ದಾರಿ ಮುಚ್ಚಿದೆ ಅಂತಲೇ ತಿಳಿದುಕೋ.

ಈಗ ನಿನ್ನ ಪಟ್ಟಿಯ ನಾಲ್ಕನೇ ಜಾಹೀರಾತು. ಸಂಬಳ ಎಲ್ಲಕ್ಕಿಂತ ಜಾಸ್ತಿ, ‘ಟೂರಿಸ್ಟ್ ವೀಸಾದಲ್ಲಿ ಬನ್ನಿ, ಇಲ್ಲಿ ಬದಲಾಯಿಸಿಕೊಡುತ್ತೇವೆ’ ಅಂತ ಇದೆ. ಬೇಡ. ಟೂರಿಸ್ಟ್ ವೀಸಾದಲ್ಲಿ ಕೆಲಸ ಮಾಡಿದರೆ ಸಿಕ್ಕಿಬೀಳುವವನು ನೀನು. ದಂಡ ಕಟ್ಟಿ ದೇಶ ಬಿಡುವವನೂ ನೀನೇ. ಸಂಬಳ ಕೊಡದಿದ್ದರೆ ಯಾರ ಹತ್ತಿರ ದೂರು ಹೇಳುತ್ತೀಯ? ನನ್ನ ಪರಿಚಯದ ಒಬ್ಬಳು ಹೀಗೇ ಹೋಗಿ ಎರಡು ತಿಂಗಳ ಸಂಬಳ ಬಿಟ್ಟು ವಾಪಸ್ ಬಂದಳು. ‘ರಿಜಿಸ್ಟ್ರೇಷನ್ ಫೀ’ ಅಂತ ದುಡ್ಡು ಕೇಳುವವರಿಂದಲೂ, ‘ಪಾಸ್‌ಪೋರ್ಟ್ ನಮ್ಮ ಹತ್ತಿರ ಇರಲಿ’ ಅನ್ನುವವರಿಂದಲೂ ದೂರ ಇರು.

ಕಾಂಟ್ರ್ಯಾಕ್ಟ್ ಕೈಗೆ ಬಂದಾಗ ಸಂಬಳದ ಸಾಲಿಗೆ ಹಾರಬೇಡ. ‘ವಾರಕ್ಕೆ 25 ಗಂಟೆ’ ಅಂದರೆ ಬರೀ ಪಾಠದ ಗಂಟೆಯಾ, ಆಫೀಸಿನಲ್ಲಿ ಕೂರುವುದೂ ಸೇರಿದೆಯಾ ಅಂತ ಕೇಳು. ಬೆಳಿಗ್ಗೆ ಎರಡು ಕ್ಲಾಸು, ರಾತ್ರಿ ಎರಡು ಕ್ಲಾಸು ಕೊಟ್ಟು ಇಡೀ ದಿನ ತಿಂದುಹಾಕುವವರಿದ್ದಾರೆ. ವಿಮಾನದ ಟಿಕೆಟ್ ಹಣ ಮೊದಲೇ ಕೊಡುತ್ತಾರಾ, ಅವಧಿ ಮುಗಿದ ಮೇಲಾ? ಮಧ್ಯದಲ್ಲಿ ಬಿಟ್ಟರೆ ಎಷ್ಟು ಕಟ್ಟಬೇಕು? ಅವಧಿ ಎಷ್ಟು ತಿಂಗಳು ಅನ್ನುವುದನ್ನೂ ಎಣಿಸು. ಕೊರಿಯಾದಲ್ಲಿ ಒಂದು ವರ್ಷ ಪೂರ್ತಿ ದುಡಿದವರಿಗೆ ಒಂದು ತಿಂಗಳ ಸಂಬಳದಷ್ಟು ನಿರ್ಗಮನ ಹಣ ಕೊಡಬೇಕೆಂಬ ಕಾನೂನಿದೆ. ಅದನ್ನು ತಪ್ಪಿಸಲು ಹನ್ನೊಂದು ತಿಂಗಳ ಕಾಂಟ್ರ್ಯಾಕ್ಟ್ ಬರೆಸುವ ಟ್ಯೂಷನ್ ಸೆಂಟರ್‌ಗಳೂ ಇವೆ.

ನಿನ್ನ ಪಟ್ಟಿಯಲ್ಲಿ ನನಗೆ ಸರಿ ಅನಿಸಿದ್ದು ವಿಯೆಟ್ನಾಂನ ಎರಡು, ಥೈಲ್ಯಾಂಡಿನ ಒಂದು. ವರ್ಕ್ ಪರ್ಮಿಟ್ ಯಾರು ಮಾಡಿಸುತ್ತಾರೆ, ಖರ್ಚು ಯಾರದು ಅಂತ ಮೂವರಿಗೂ ಇವತ್ತೇ ಬರೆದು ಕೇಳು. ಸುತ್ತುಬಳಸಿ ಉತ್ತರ ಕೊಟ್ಟವರನ್ನು ಬಿಟ್ಟುಬಿಡು. ಕಾಂಟ್ರ್ಯಾಕ್ಟ್ ಬಂದರೆ ಸಹಿ ಹಾಕುವ ಮೊದಲು ನನಗೊಮ್ಮೆ ಕಳಿಸು, ಇಬ್ಬರೂ ಕೂತು ಓದೋಣ.

ಇಂತಿ ನಿನ್ನ ಗೆಳೆಯ