ಚಿತ್ರದಲ್ಲಿದ್ದ ಅಣಬೆ ಅದಲ್ಲ

ಮಾನ್ಯ ಸಂಪಾದಕರೇ,

ಮತಿಭ್ರಮೆ ತರಿಸುವ ಅಣಬೆಗಳ ಕುರಿತು ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಲೇಖನವಿರುವುದು ಕೆಲವು ಅಣಬೆಗಳಲ್ಲಿರುವ, ಮತಿಭ್ರಮೆ ತರಿಸುವ ಸೈಲೋಸಿಬಿನ್ ಎಂಬ ರಾಸಾಯನಿಕದ ಬಗ್ಗೆ. ಜೊತೆಗೆ ಅಚ್ಚಾದ ಚಿತ್ರ ಕೆಂಪು ಟೋಪಿಯ ಮೇಲೆ ಬಿಳಿ ಚುಕ್ಕೆಗಳಿರುವ ಅಮಾನಿಟಾ ಮಸ್ಕೇರಿಯಾದ್ದು. ಅದರಲ್ಲಿ ಸೈಲೋಸಿಬಿನ್ ಇಲ್ಲವೇ ಇಲ್ಲ. ಇರುವುದು ಮಸ್ಕಿಮಾಲ್ ಮತ್ತು ಐಬೊಟೆನಿಕ್ ಆಮ್ಲ, ಅವು ಮಿದುಳಿನ ಮೇಲೆ ಕೆಲಸ ಮಾಡುವ ಬಗೆಯೇ ಬೇರೆ. ಸಸ್ಯಶಾಸ್ತ್ರದ ಪಾಠ ಹೇಳಿ ನಿವೃತ್ತನಾದವನಿಗೆ ಇಂಥ ತಪ್ಪು ಹೆಕ್ಕುವ ಚಾಳಿ ಬಿಡುವುದಿಲ್ಲ, ನಿಜ. ಆದರೆ ಪತ್ರಿಕೆಯೇ ಎಡವಿದ ಕಡೆ ಮೊಬೈಲ್ ಆ್ಯಪ್ ನಂಬಿ ಅಣಬೆ ಕೀಳುವ ಹುಡುಗರು ಎಡವುವುದಿಲ್ಲವೇ?

ಸೈಲೋಸಿಬಿನ್‌ನಿಂದ ನೇರವಾಗಿ ಸಾಯುವವರು ತೀರ ವಿರಳ, ಅದು ಚಟವಾಗಿ ಅಂಟುವುದೂ ಕಡಿಮೆ ಎಂದು ಲೇಖಕರು ಬರೆದಿರುವುದು ಸರಿ. ದೇಹದೊಳಗೆ ಅದು ಸೈಲೋಸಿನ್ ಆಗಿ ಮಾರ್ಪಟ್ಟು, ನಾಲ್ಕಾರು ಗಂಟೆ ಕಾಲ ಬಣ್ಣ, ಸಮಯ, 'ನಾನು' ಎಂಬ ಅರಿವು ಎಲ್ಲವನ್ನೂ ಅಡಿಮೇಲು ಮಾಡುತ್ತದೆ. ಕೆಲವರಿಗೆ ಅದು ಆನಂದ, ಕೆಲವರಿಗೆ ಬಿಡುಗಡೆಯೇ ಇಲ್ಲದ ದಿಗಿಲು. ಅಂಥ ಸ್ಥಿತಿಯಲ್ಲಿ ರಸ್ತೆಗಿಳಿದರೆ ಅಪಘಾತಕ್ಕೆ ಬೇರೆ ಕಾರಣ ಬೇಕಿಲ್ಲ. ಮನೆತನದಲ್ಲಿ ಸ್ಕಿಜೋಫ್ರೀನಿಯಾ ಎಂಬ ಮನೋರೋಗ ಇರುವವರನ್ನು ಸಂಶೋಧಕರು ಸಾಮಾನ್ಯವಾಗಿ ಸೈಲೋಸಿಬಿನ್ ಪ್ರಯೋಗಕ್ಕೇ ಸೇರಿಸಿಕೊಳ್ಳುವುದಿಲ್ಲ. ಮನೋರೋಗಕ್ಕೆ ಲಿಥಿಯಂ ಮಾತ್ರೆ ನುಂಗುವವರಿಗೆ ಸೈಲೋಸಿಬಿನ್ ಸೇವಿಸಿ ಫಿಟ್ಸ್ ಬಂದದ್ದೂ ಉಂಟು. ಖಿನ್ನತೆಗೆ ಇದು ಮದ್ದು ಎನ್ನುವ ಉತ್ಸಾಹದಲ್ಲಿ ಲೇಖಕರು ಇವನ್ನೆಲ್ಲ ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದಾರೆ.

'ಪ್ರಕೃತಿಯೇ ಕೊಟ್ಟದ್ದಕ್ಕೆ ಕಾನೂನಿನ ತಡೆಯೇಕೆ' ಎಂಬ ಲೇಖಕರ ಪ್ರಶ್ನೆ ಕೇಳಲು ಸೊಗಸಾಗಿದೆ. ಕಾನೂನು ನೋಡುವುದು ಒಳಗಿನ ರಾಸಾಯನಿಕವನ್ನು. ವಿಶ್ವಸಂಸ್ಥೆಯ 1971ರ ಒಪ್ಪಂದದಲ್ಲಿ ಸೈಲೋಸಿಬಿನ್ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ, ಭಾರತದ 1985ರ ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲೂ ಇದೆ. ಆಸ್ಟ್ರೇಲಿಯಾ 2023ರಲ್ಲಿ ಬಾಗಿಲು ತೆರೆಯಿತು ಎನ್ನುತ್ತಾರಲ್ಲ, ಅದು ತೆರೆದದ್ದು ಅನುಮತಿ ಪಡೆದ ಮನೋವೈದ್ಯರಿಗೆ, ಬೇರೆ ಚಿಕಿತ್ಸೆಗೆ ಬಗ್ಗದ ಖಿನ್ನತೆಗೆ ಮಾತ್ರ. ಕಾಡಿನಿಂದ ಕಿತ್ತು ತಿನ್ನುವವರಿಗಲ್ಲ.

ಕಿತ್ತು ತಿನ್ನುವವರ ಬಗ್ಗೆಯೇ ನನಗೆ ಚಿಂತೆ. ಗ್ಯಾಲೆರಿನಾ ಮಾರ್ಜಿನೇಟಾ ಎಂಬ ಸಣ್ಣ ಕಂದು ವಿಷದ ಅಣಬೆ ಕೆಲವೆಡೆ ಸೈಲೋಸಿಬಿನ್ ಇರುವ ಸೈಲೋಸಿಬಿ ಎಂಬ ಅಣಬೆಗಳ ಪಕ್ಕದಲ್ಲೇ ಏಳುತ್ತದೆ. ಟೋಪಿಯನ್ನು ಕತ್ತರಿಸಿ ಬಿಳಿ ಹಾಳೆಯ ಮೇಲೆ ಬೋರಲು ಹಾಕಿ, ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಟ್ಟರೆ ಉದುರಿದ ಬೀಜಕಗಳ ಗುರುತು ಮೂಡುತ್ತದೆ: ಸೈಲೋಸಿಬಿಯದು ನೇರಳೆ ಮಿಶ್ರಿತ ಕಂದು, ಗ್ಯಾಲೆರಿನಾದ್ದು ತುಕ್ಕಿನ ಬಣ್ಣ. ಇಷ್ಟರಿಂದಲೇ ಅಣಬೆ ತಿನ್ನಲು ಯೋಗ್ಯ ಎಂದು ತೀರ್ಮಾನಿಸಲಾಗದು. ತರಗತಿಯಲ್ಲಿ ಮುಂದಿನ ಬೆಂಚಿನ ಜಾಣರೂ ಈ ಎರಡು ಬಣ್ಣಗಳನ್ನು ಅದಲುಬದಲು ಹೇಳಿದ್ದನ್ನು ನೋಡಿದ್ದೇನೆ. ಗ್ಯಾಲೆರಿನಾದಲ್ಲಿರುವ ಅಮಾಟಾಕ್ಸಿನ್ ಎಂಬ ವಿಷ ಬೇಯಿಸಿದರೂ ಹೋಗುವುದಿಲ್ಲ. ತಿಂದ ಆರು ಗಂಟೆಯವರೆಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಆಮೇಲೆ ವಾಂತಿ ಭೇದಿ. ಮರುದಿನ ವಾಸಿಯಾದಂತೆ ತೋರುತ್ತದೆ. ಮನೆಯವರು ನಿಟ್ಟುಸಿರು ಬಿಡುವ ಆ ಹೊತ್ತಿನಲ್ಲೇ ಒಳಗೆ ಯಕೃತ್ತು ಸಾಯುತ್ತಿರುತ್ತದೆ.

ಆದ್ದರಿಂದ ಯಾರಾದರೂ ಕಾಡಣಬೆ ತಿಂದದ್ದು ಗೊತ್ತಾದರೆ ವಾಂತಿಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಪೊಲೀಸರ ಭಯಕ್ಕೆ ವೈದ್ಯರಿಂದ ವಿಷಯ ಮುಚ್ಚಿಡಬೇಡಿ. ಉಳಿದ ತುಂಡುಗಳಿದ್ದರೆ ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ಅವು ಕೊಳೆತು ಗುರುತು ಸಿಗದಂತಾಗುತ್ತವೆ.

– ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕ